ತುಕ್ಕು ಬರೆದವಳು

ಚಲಪತಿ ಕಂತಿನಲ್ಲಿ ಗ್ರಾಫಿಕ್ಸ್ ಕಾರ್ಡ್ ತಂದ ದಿನ
ಲ್ಯಾಬಿನವರಿಗೆಲ್ಲ ಖಾರಾ ಬನ್ ಕೊಡಿಸಿದ.
‘ಕುದುರೆಯ ಬೆವರು ಕಾಣುತ್ತೆ ಕಣೇ,
ಒಂದೊಂದು ಹನಿಯೂ ಬೇರೆ ಬೇರೆ’ ಅಂದ.
ಕಾಣಲಿ.

ಹನ್ನೊಂದು ವರ್ಷದಿಂದ ನಾನು
ಯಶವಂತಪುರದ ಮೂರನೇ ಮಹಡಿಯಲ್ಲಿ
ಊರವರ ರಕ್ತವನ್ನು ಗಾಜಿಗೆ ಸವರಿ ನೋಡುತ್ತಿದ್ದೇನೆ.
ನಿಜ ಅನ್ನುವುದು ಹತ್ತಿರ ಹೋದಷ್ಟೂ
ಮಸುಕು, ಗುಲಾಬಿ, ಅಂಚು ಕಲಸಿಕೊಂಡದ್ದು.
ಬಣ್ಣ ಹಾಕದೆ ಹೋದರೆ
ಬಿಳಿಯ ಕಣ ಕಣ್ಣಿಗೇ ಬೀಳುವುದಿಲ್ಲ.

ಅದಕ್ಕೇ ಹೇಳುವುದು:
ಹದಿನಾರೇ ಬಣ್ಣದಲ್ಲಿ ಹುಲ್ಲು ಬರೆದವರು
ಹುಲ್ಲನ್ನು ನೋಡಿದ್ದರು.
ಈಗಿನವರು ಎಣಿಸಿದ್ದಾರೆ.

ಸೀರೀಸುಗಳ ಸುದ್ದಿ ಎತ್ತಬೇಡಿ.
ಎತ್ತಿದಿರಾ, ಸರಿ, ಕೂತುಕೊಳ್ಳಿ:
ಎಂಟು ಕಂತಿಗೂ ಸಾಲದ ಕಥೆಯನ್ನು
ಮೂರು ಸೀಸನ್ನಿಗೆ ಎಳೆಯುವವರು
ನೆಂಟರು ಬಂದಷ್ಟೂ ಸಾರಿಗೆ ನೀರು ಸುರಿಯುವವರು.
ಶುರುವಿನ ಚಿತ್ರಗಳನ್ನು ಹಾರಿಸುವ ಆ ಗುಂಡಿ ಇದೆಯಲ್ಲ,
ಪಾಯಸ ಬರುವ ಮೊದಲೇ ಎಲೆ ಎಳೆದಂತೆ.
ಕೈಯಲ್ಲಿ ಬರೆದ ಕಾರ್ಟೂನಿನ ಗೆರೆ ಸ್ವಲ್ಪ ನಡುಗಬೇಕು;
ನಡುಗದ ಗೆರೆಗೆ ಒಮ್ಮೆಯೂ ಜ್ವರ ಬಂದಿಲ್ಲ.
ಇನ್ನು ಕನ್ನಡದ ಡಬ್ಬಿಂಗು: ರಾಕ್ಷಸ ಕೊಡಲಿ ಎತ್ತಿ
‘ನೀನು ಈಗ ಮರಣ ಹೊಂದತಕ್ಕದ್ದು’ ಅನ್ನುತ್ತಾನೆ.
ನಮ್ಮ ಮತ್ತಿಕೆರೆಯ ಆಟೋದವನಾಗಿದ್ದರೆ
ಎರಡೇ ಮಾತಲ್ಲಿ ಮುಗಿಸುತ್ತಿದ್ದ,
ಮೀಟರಿನ ಮೇಲೆ ಇಪ್ಪತ್ತು ಕೇಳಿ.

ಒಂದು ವ್ರತ ಮಾತ್ರ ತಪ್ಪಿಸಿಲ್ಲ.
ಆಟ ಮುಗಿದ ಮೇಲೆ ಏರುವ ಹೆಸರುಗಳನ್ನೆಲ್ಲ
ಕೊನೆಯ ತನಕ ಓದುತ್ತೇನೆ, ಟೀ ಆರಿದರೂ.
ಸದ್ದು ಮಾಡಿದವರು, ಲೆಕ್ಕ ಬರೆದವರು,
ಅಡುಗೆಯವರು, ಆಟ ಕಟ್ಟುವಾಗ ಹುಟ್ಟಿದ ಮಕ್ಕಳು.
ಮೊನ್ನೆ, ಆ ಮಕ್ಕಳಿಗಿಂತ ಸ್ವಲ್ಪ ಮೇಲೆ:
ಗೋಡೆ, ಪಾಚಿ, ತುಕ್ಕು
ಮುಬೀನಾ ಎಸ್., ಬೆಂಗಳೂರು.

ವಾಪಸ್ಸು ಒಳಗೆ ಹೋದೆ.
ಏಳನೇ ಪಟ್ಟಣ, ಮೀನಿನ ಓಣಿ, ಒಂದು ಗೇಟು.
ಅದರ ಮುಂದೆ ನಲವತ್ತು ಸಲ ಸತ್ತಿದ್ದೆ,
ನೋಡಿರಲಿಲ್ಲ.
ಕೆಳಗಿನ ಕೀಲು ಮಾತ್ರ ನೀಲಿ.
ಮೇಲೊಂದು ಫಲಕ, ಆ ಲೋಕದ ಲಿಪಿಯಲ್ಲಿ,
ಯಾರಿಗೂ ಓದಲು ಬಾರದ್ದು,
ಆದರೆ ಒಂದು ಅಕ್ಷರದ ಕೆಳಗೆ ಒತ್ತು.
ಕೊನೆಯ ಅಕ್ಷರ ಉದುರಿ ಮೊಳೆಯ ತೂತು.

‘ನಾಯಿ ಇದೆ ಎಚ್ಚರಿ’!
ಕೆ ಬಿದ್ದುಹೋದ ಆ ಗೇಟು,
ಹಿಟ್ಟಿನ ಗಿರಣಿ ದಾಟಿದ ಕೂಡಲೇ ಎಡಕ್ಕೆ,
ದಿನಾ ಬಸ್ಸಿಗೆ ಓಡುತ್ತ ಹಾಯುವ ಗೇಟು.

ಬೆಳಿಗ್ಗೆ ಅರ್ಧ ಗಂಟೆ ಮುಂಚೆ ಹೊರಟೆ.
ಬೆಳ್ಳಿ ಬಣ್ಣ ಬಳಿದಿದ್ದರು, ಇನ್ನೂ ಅಂಟುತ್ತಿತ್ತು.
ಫಲಕವೂ ಹೊಸದು: ಪಿ.ಜಿ., ಹೆಂಗಸರಿಗೆ ಮಾತ್ರ.
ಗಿರಣಿಯವರು ಹುಬ್ಬಿನ ಹಿಟ್ಟು ಒರೆಸಿಕೊಂಡು
‘ನಾಯಿಯಾ? ಇತ್ತು’ ಅಂದರು.
‘ಒಬ್ಬ ಹುಡುಗಿ ವಾರಗಟ್ಟಲೆ ಬಂದು
ಬರೀ ಗೇಟಿನ ಫೋಟೋ ಹೊಡೀತಿದ್ದಳು.
ಕಾರ್ಪೊರೇಷನ್ನಿನವಳು ಅಂದುಕೊಂಡು
ನಾನು ಬೋರ್ಡು ಒಳಗೆ ಎಳಕೊಂಡೆ.’

ರಾತ್ರಿ ಕತ್ತಿ ಇಳಿಸಿ ಅಲ್ಲೇ ನಿಂತೆ.
ಹೆಡ್‌ಫೋನಿನಲ್ಲಿ ಚಲಪತಿ:
‘ಯಾಕೆ ನಿಂತೆ, ಬಾರೇ, ಕೋಟೆ ಬಾಗಿಲು ತೆಗೆದಿದೆ,
ರಾಜ ಕಾಯ್ತಿದ್ದಾನೆ.’
ಕಾಯಲಿ.
ತುಕ್ಕಿನಲ್ಲಿ ಮೂರು ಥರದ ಕಂದು ಇದೆ,
ನಾಲ್ಕನೆಯದು ಕಂದೋ ಕೆಂಪೋ
ಇನ್ನೂ ತೀರ್ಮಾನವಾಗಿಲ್ಲ.

ಗೇಟಿನಾಚೆ ಏನೋ ಬೊಗಳಿತು.
ನಲವತ್ತು ಸಲ ಸಾಯುವಾಗ
ಇದು ಕೇಳಿಸಿರಲಿಲ್ಲ.